ರಾವೂರದ ಬಿಳಿ ಹಕ್ಕಿ

“ಗಾತ್ರ ಎಷ್ಟದ?” ಎಂದು ಕಲ್ಯಾಣಪ್ಪ ಸರ್ ಫೋನಿನಲ್ಲಿ ಕೇಳಿದರು.

“ಗುಬ್ಬಿಯಷ್ಟು ಅದರಿ ಸರ್.”

“ಕೊಕ್ಕು?”

“ಗಿಡ್ಡಂದು, ದಪ್ಪಂದು. ಗುಬ್ಬಿದು ಇರ್ತದಲ್ರಿ, ಹಂಗೇ.”

“ಬಣ್ಣ?”

“ಬೆಳ್ಳಗ ಅದರಿ. ಸುಣ್ಣಾ ಬಳದಂಗ.”

“ಅಲ್ಲೇ ನಿಂದ್ರು. ಹಾರಸಬ್ಯಾಡ. ಬರ್ಲಿಕತ್ತೀನಿ” ಎಂದು ಫೋನ್ ಇಟ್ಟರು.

ರಾವೂರದ ಅಂಚೆ ಕಚೇರಿಯ ಲುಂಬಿನಿ ಟಪಾಲಿನ ಚೀಲವನ್ನು ಹೆಗಲಿನಿಂದ ಇಳಿಸದೆ, ಕಲ್ಲು ಕೊಯ್ಯುವ ಶೆಡ್ಡಿನ ಮುಂದೆ ಬಿಸಿಲಿನಲ್ಲಿ ನಿಂತಳು. ಹತ್ತು ಮಾರು ದೂರದಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ರಾಶಿಯ ಮೇಲೆ ಆ ಬಿಳಿ ಹಕ್ಕಿ ಕುಳಿತಿತ್ತು. ಹಕ್ಕಿ ನೋಡುವ ಹುಚ್ಚು ಹಿಡಿದು ಅವಳಿಗೆ ಆರು ತಿಂಗಳು. ಟಪಾಲು ಹಂಚುತ್ತ ಕಂಡದ್ದನ್ನೆಲ್ಲ ಗುಬ್ಬಿ ಎಂದು ಬರೆದು ಹಕ್ಕಿ ನೋಡುವವರ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಮೊದಲನೆಯದು ಗೀಜಗದ ಹೆಣ್ಣು ಎಂದರು. ಎರಡನೆಯದು ನೆಲಗುಬ್ಬಿ, ಹೆಸರಷ್ಟೇ ಗುಬ್ಬಿ. ಮೂರನೆಯದು ರಾಟವಾಳ. ಗಾಯದ ಮೇಲೆ ಬರೆ ಎಳೆದಂತೆ ಬಳಗ ನಡೆಸುವ ಕಲ್ಯಾಣಪ್ಪ ಸರ್ ಕೆಳಗೆ ಬರೆದಿದ್ದರು: “ಲುಂಬಿನಿ ಲೋಕದಾಗ ಗುಬ್ಬಿ ಬಿಟ್ಟು ಬ್ಯಾರೆ ಹಕ್ಕಿನೇ ಇಲ್ಲ.” ನಲವತ್ತು ಜನ ಹಲ್ಲು ಕಿರಿದಿದ್ದರು.

ಅವಳಾದರೂ ಏನು ಮಾಡಬೇಕು? ಗಂಡಿಗೊಂದು ವೇಷ, ಹೆಣ್ಣಿಗೊಂದು ವೇಷ, ಮರಿಗೆ ಇನ್ನೊಂದು. ಪುಸ್ತಕದಲ್ಲಿ ಮದುಮಗನಂತೆ ಸಿಂಗರಿಸಿಕೊಂಡು ನಿಂತಿರುವುದು ತೊಗರಿ ಹೊಲದಲ್ಲಿ ಬರೀ ಮಣ್ಣಿನ ಹೆಂಟೆ. ಪುಟ ತೆಗೆಯುವಷ್ಟರಲ್ಲಿ ಅದೂ ಹಾರಿಹೋಗಿರುತ್ತದೆ. ಎಷ್ಟೋ ಸಲ ಪುಸ್ತಕವನ್ನು ಕಾಗಿಣಾ ಹೊಳೆಗೆ ಎಸೆಯಬೇಕು ಅನ್ನಿಸಿತ್ತು. ಎಸೆದಿರಲಿಲ್ಲ, ಅಷ್ಟೇ. ಭಾನುವಾರ ಚಿಂಚೋಳಿ ಕಾಡಿನಲ್ಲಿ ಹಕ್ಕಿ ಎಣಿಕೆ ಇತ್ತು, ಜೀಪಿನಲ್ಲಿ ಒಂದೇ ಜಾಗ ಉಳಿದಿತ್ತು. ಅಷ್ಟರೊಳಗೆ ಒಂದಾದರೂ ಹಕ್ಕಿಯನ್ನು ಸರಿಯಾಗಿ ತೋರಿಸಿದರೆ ಜಾಗ ನಿನ್ನದು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇನೆ ಎಂದು ಸರ್ ಹೇಳಿಬಿಟ್ಟಿದ್ದರು. ಆ ಜಾಗ ಅವಳಿಗೆ ಬೇಕೇ ಬೇಕಿತ್ತು.

ಪಕ್ಕದ ವಾಡಿಯಿಂದ ಇಪ್ಪತ್ತು ನಿಮಿಷದಲ್ಲಿ ಸರ್ ಬಂದರು. ಬೈಕನ್ನು ದೂರದಲ್ಲೇ ನಿಲ್ಲಿಸಿ, ಮೊಳದುದ್ದದ ಕ್ಯಾಮೆರಾ ಹಿಡಿದು, ಕಳ್ಳನ ಹಾಗೆ ಹೆಜ್ಜೆಯಿಟ್ಟು ಬಂದು ನೋಡಿದರು. ಉಸಿರು ಬಿಗಿಹಿಡಿದು ಒಂದೇ ಸಮನೆ ಫೋಟೊ ಹೊಡೆದರು.

“ಅವ್ವಾ, ಇದು ಪುಸ್ತಕದಾಗೇ ಇಲ್ಲ,” ಎಂದು ಪಿಸುಗುಟ್ಟಿದರು. “ನಿನ್ನ ಹೆಸರು ಪೇಪರಿನಾಗ ಬರ್ತದ ನೋಡು.”

ಲುಂಬಿನಿಗೆ ಬಿಸಿಲೂ ಮರೆತುಹೋಯಿತು, ಚೀಲದ ಭಾರವೂ ಮರೆತುಹೋಯಿತು. ಆಗ ಆ ಹಕ್ಕಿ ರಾಶಿಯಿಂದ ಇಳಿದು, ಶೆಡ್ಡಿನ ನೀರಿನ ತೊಟ್ಟಿಯ ಪಕ್ಕ ನೀರು ನಿಂತಿದ್ದ ತಗ್ಗಿಗೆ ಹಾರಿತು. ಒಮ್ಮೆ ಮುಳುಗಿತು, ರೆಕ್ಕೆ ಬಡಿಯಿತು. ಮತ್ತೊಮ್ಮೆ ಮುಳುಗಿತು. ನೀರು ಹಾಲಿನಂತಾಯಿತು. ಬೆನ್ನು ಕಂದಾಯಿತು, ಗಂಟಲ ಕೆಳಗೆ ಕರಿ ಪಟ್ಟಿ ಎದ್ದಿತು. ಮೈ ಕೊಡವಿಕೊಂಡು ಅದು ಚಿಂವ್ ಎಂದಿತು.

“ಗುಬ್ಬಿ,” ಎಂದರು ಸರ್.

ಲುಂಬಿನಿಗೆ ಅಳಬೇಕೋ ಕಲ್ಲು ಎತ್ತಿ ಬೀಸಬೇಕೋ ತಿಳಿಯಲಿಲ್ಲ. ಆರು ತಿಂಗಳು ಗುಬ್ಬಿಯಲ್ಲದ್ದನ್ನೆಲ್ಲ ಗುಬ್ಬಿ ಎಂದವಳು, ಗುಬ್ಬಿಯೇ ಬಂದು ಕಣ್ಣೆದುರು ಕುಳಿತಾಗ ಆ ಹೆಸರು ಹೇಳಲು ಹೆದರಿ ಬಾಯಿ ಮುಚ್ಚಿಕೊಂಡಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ನೀವೂ ಅಷ್ಟು ಫೋಟೊ ಹೊಡದ್ರಲ್ರಿ ಸರ್,” ಎಂದಳು.

“ನೀ ಹೇಳ್ದಿ ಅಂತ ಹೊಡದೆ!” ಸರ್ ಮುಖ ಕೆಂಪಾಗಿತ್ತು. “ಕಲ್ಲಿನ ಹಿಟ್ಟಿನಾಗ ಹೊರಳಾಡಿ ಬಂದು ಕುಂತದ ಅದು. ಎಷ್ಟು ಸಲ ಹೇಳೀನಿ? ಮ್ಯಾಲಿನ ಬಣ್ಣಕ್ಕ ಮರುಳಾಗಬಾರದು. ಮೈಕಟ್ಟು ನೋಡಬೇಕು, ನಡಿಗಿ ನೋಡಬೇಕು. ಇಷ್ಟೂ ತಿಳೀದವ್ರು ಕಾಡಿಗಿ ಬಂದು ಏನ್ ಎಣಿಸ್ತೀರಿ?” ಎಂದವರೇ, ಪಟ್ಟಿಯಿಂದ ಅವಳ ಹೆಸರು ಅಳಿಸಲು ಜೇಬಿನಿಂದ ಫೋನ್ ತೆಗೆದರು.

ಅಷ್ಟರಲ್ಲಿ ಒಳಗೆ ಮಷೀನು ನಿಂತಿತು. ಕಲ್ಲು ಕೊಯ್ಯುವ ದೇವಾನಂದ ಹೊರಗೆ ಬಂದ. ತಲೆ, ಹುಬ್ಬು, ಮೀಸೆ, ಎಲ್ಲ ಬಿಳುಪು. ಸರ್ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದರು.

“ಅಜ್ಜಾರ, ಕುಡಿಯೋ ನೀರು ಅವೇನ್ರಿ?”

ದೇವಾನಂದ ಒಳಗಿನಿಂದ ತಂಬಿಗೆ ತಂದುಕೊಟ್ಟ. ಕುಡಿದು ತಣ್ಣಗಾದ ಮೇಲೆ ಸರ್ ದನಿಯಲ್ಲಿ ಮರುಕ ಬಂತು.

“ಇಷ್ಟು ವಯಸ್ಸಾದ ಮ್ಯಾಲ ಇಂಥಾ ಕೆಲಸ ಯಾಕ್ರಿ ಅಜ್ಜಾ? ಮಕ್ಕಳು ಇಲ್ಲೇನು?”

ಲುಂಬಿನಿ ದಿನಾ ಬಂದು ಹೋಗುವ ಶೆಡ್ಡು ಅದು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಗುರುತಿಸುವವರು ಅವರಲ್ಲವೇ, ಗುರುತಿಸಲಿ.

ದೇವಾನಂದ ನಕ್ಕ. ಬಾಗಿ ತೊಟ್ಟಿಯೊಳಗೆ ತಲೆ ಅದ್ದಿದ. ಎರಡೂ ಕೈಯಿಂದ ಉಜ್ಜಿ ಮತ್ತೊಮ್ಮೆ ಅದ್ದಿ, ಕೊಡವಿಕೊಂಡು ಎದ್ದ. ಕೂದಲು ಕಡುಗಪ್ಪಾಗಿತ್ತು. ಮುಖದಲ್ಲಿ ಒಂದು ಸುಕ್ಕಿರಲಿಲ್ಲ. ಕಲ್ಯಾಣಪ್ಪ ಸರ್ ಕೈಯಲ್ಲಿ ಫೋನು ಹಾಗೇ ಉಳಿಯಿತು.

“ಒಬ್ಬ ಮಗ ಅದಾನ್ರಿ ಸರ್,” ಎಂದ ದೇವಾನಂದ, ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತ. “ಮೊನ್ನಿ ಅಂಗನವಾಡಿಗಿ ಹಾಕೀವ್ರಿ.”