ನೈವೇದ್ಯದ ಹೋಳಿಗೆ

"ನೀನು ಬ್ಯಾಪ್ಟಿಸಂ ತಗೊಂಡ್ಯಾ? ಇಷ್ಟು ವರ್ಷ ಒಂದೇ ತಟ್ಟೇಲಿ ತಿಂದು, ನನಗೇ ಹೇಳ್ಲಿಲ್ವಲ್ಲೇ ಹಂಸಾ!"

ಬುಕಿತ್ ಬಾಟೋಕ್‌ನ ಫ್ಲಾಟ್ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಸುಮಂಗಲಾ ಚಾಚಿದ್ದ ಹೋಳಿಗೆ ಡಬ್ಬಿ ಅವಳ ಕೈಯಲ್ಲೇ ಉಳಿಯಿತು. "ನೈವೇದ್ಯ ಮಾಡಿದ್ದು, ತಗೋ" ಎಂದಿದ್ದೇ ತಡ, ಗೆಳತಿ ಕೈ ಹಿಂದೆಳೆದುಕೊಂಡು ವಿಷಯ ಬಾಯಿಬಿಟ್ಟಿದ್ದಳು.

"ನೈವೇದ್ಯ ಅಂತ ಯಾಕೆ ಹೇಳ್ದೆ ಮಾರಾಯ್ತಿ? ಸುಮ್ನಿದ್ದಿದ್ರೆ ತಿಂತಿದ್ದೆ," ಎಂದಳು ಹಂಸಾ. "ಮೊದಮೊದಲಿನ ಕ್ರೈಸ್ತರೂ ಬೇರೆಯವರ ಮನೇಲಿ ಬಡಿಸಿದ್ದನ್ನ ಏನೂ ಕೇಳದೆ ತಿಂತಿದ್ರಂತೆ. ದೇವರಿಗಿಟ್ಟಿದ್ದು ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಬಿಡ್ತಿದ್ರು."

"ಅಂದ್ರೆ ತಪ್ಪು ನಂದಾ?" ಸುಮಂಗಲಾ ಕೇಳಿದಳು. ಲಿಂಗಕ್ಕೆ ಅರ್ಪಿಸದೆ ಅವಳ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಅದು ಹಂಸಾಳಿಗೂ ಗೊತ್ತು. ಸುಮಂಗಲಾ ಡಬ್ಬಿ ಮುಚ್ಚಿದಳು.

"ನಾಳೆ ಏಳಕ್ಕೆ ಇಲ್ಲೇ ಬಾ. ಬೇರೆ ಮಾಡಿ ತರ್ತೀನಿ. ದೇವರಿಗೆ ಇಟ್ಟಿದ್ನೋ ಇಲ್ವೋ, ನೀನೂ ಕೇಳ್ಬೇಡ, ನಾನೂ ಹೇಳಲ್ಲ."