ನಗಿಸುವ ಸ್ವಿಚ್ಚು

ಸುಳ್ಳು ಸುದ್ದಿವಾಚಕ ಕೋಟು ಸರಿಮಾಡಿಕೊಂಡು ನಿಜವಾದ ಮಂತ್ರಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಸುದ್ದಿ ಚಾನೆಲ್ಲುಗಳನ್ನು ಗೇಲಿ ಮಾಡುವ ಈ ಕಾರ್ಯಕ್ರಮಕ್ಕೆ ಮಂತ್ರಿಯೊಬ್ಬರು ಬಂದದ್ದು ಇದೇ ಮೊದಲು. ಕ್ಯಾಮೆರಾದ ಪಕ್ಕದಲ್ಲಿ, ಜೋಕುಗಳನ್ನು ಬರೆಯುವವನು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಹಲ್ಲು ಕಡಿಯುತ್ತಿದ್ದ. ಅದನ್ನೊತ್ತಿದರೆ ಪ್ರೇಕ್ಷಕರ ಎದುರಿನ ಹಲಗೆಯಲ್ಲಿ 'ನಗಿ' ಎಂದು ಕೆಂಪು ದೀಪ ಹತ್ತುತ್ತದೆ. ಎಲ್ಲಿ ನಗಬೇಕೆಂದು ಬರೆದವನಿಗೇ ಗೊತ್ತಲ್ಲ ಎಂದು ಆ ಕೆಲಸವನ್ನೂ ಅವನ ಕೊರಳಿಗೇ ಕಟ್ಟಿದ್ದರು.

ಮುಂದಿನ ಸಾಲಿನಲ್ಲಿ ಅವನ ಅಕ್ಕ ಕೂತಿದ್ದಳು. ಸೇತುವೆ ಕುಸಿದು, ಅದರಡಿ ಸಿಕ್ಕಿ ಭಾವ ಸತ್ತು ತಿಂಗಳೊಪ್ಪತ್ತಾಗಿತ್ತು. ಬಿರುಕು ಬಿಟ್ಟಿದೆಯೆಂದು ಇಂಜಿನಿಯರು ಮುಚ್ಚಿಸಿದ್ದ ಸೇತುವೆಯನ್ನು ಮತ್ತೆ ತೆರೆಸಿದವರು ಯಾರು? ಈ ಪ್ರಶ್ನೆಗೆ ಯಾವ ಕಚೇರಿಯಲ್ಲೂ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ಇವತ್ತು ಮಂತ್ರಿಯನ್ನೇ ಕೇಳಿಸುತ್ತೇನೆ ಎಂದು ತಮ್ಮ ಮಾತು ಕೊಟ್ಟು ಕರೆತಂದಿದ್ದ. ವಾಚಕನ ಹಾಳೆಯಲ್ಲಿ ಮೊದಲೊಂದು ಜೋಕು, ಅದರ ಬೆನ್ನಿಗೇ ಆ ಪ್ರಶ್ನೆ.

ವಾಚಕ ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಯೇ ಜೋಕು ಹೇಳುವ ಸರದಿಯನ್ನು ಕಸಿದುಕೊಂಡರು. ಹೋದ ವಾರದ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು ಎಂದರು.

"ಸೇತುವೆ ಬಿದ್ದಿಲ್ಲ, ಸ್ವಲ್ಪ ರೆಸ್ಟ್ ತಗೊಳ್ತಿದೆ. ಹಾಗಂತ ನಾನು ಹೇಳ್ದೆ ಅಂತ ತೋರಿಸಿದ್ರಲ್ಲ, ಚೆನ್ನಾಗಿತ್ತು ಕಣ್ರೀ."

ದೀಪ ಹತ್ತದಿದ್ದರೂ ಜನ ಗೊಳ್ಳೆಂದು ನಕ್ಕರು. ವಾಚಕ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಇಂಥ ದೊಡ್ಡ ಮನಸ್ಸು ಯಾರಿಗುಂಟು ಎಂದು ಹೊಗಳಿ ಹಾಳೆಯನ್ನು ಮಗುಚಿಟ್ಟ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂದು ಸುಮ್ಮನೆ ಹೇಳುತ್ತಾರೆಯೇ. ಬರೆದವನಿಗೆ ಮೈಯೆಲ್ಲ ಉರಿಯಿತು. ಪ್ರಶ್ನೆ ಕೇಳು, ಪ್ರಶ್ನೆ ಕೇಳು ಎಂದು ಮೈಕಿನಲ್ಲಿ ವಾಚಕನ ಕಿವಿಗೆ ಕಿರುಚಿದ. ವಾಚಕ ಕಿವಿಯ ಇಯರ್‌ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಹೊರಡಲು ಎದ್ದ ಮಂತ್ರಿಯ ಕಣ್ಣಿಗೆ ಮುಂದಿನ ಸಾಲಿನ ಹೆಂಗಸು ಬಿದ್ದಳು.

"ಯಾಕಮ್ಮಾ, ನಿಮಗೊಬ್ರಿಗೆ ನಗು ಬರ್ಲಿಲ್ವಾ?"

ಅಕ್ಕ ಎದ್ದು ನಿಂತಳು. ಇವಳಾದರೂ ಕೇಳಲಿ ಎಂದು ತಮ್ಮ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಕಾದ.

"ಆ ಸೇತುವೆ ರೆಸ್ಟ್ ತಗೊಂಡಿದ್ದು ನನ್ನ ಗಂಡನ ಮೇಲೆ ಸ್ವಾಮಿ."

ಪ್ರಶ್ನೆ ಕೇಳುವ ಮೊದಲು ಅವಳು ಒಮ್ಮೆ ಉಸಿರೆಳೆದುಕೊಂಡಳು, ಅಷ್ಟೇ. ಮಾತು ಮುಗಿದು ಒಂದು ಗಳಿಗೆ ಮೌನವಾದರೆ ಒತ್ತುವುದು ತಮ್ಮನಿಗೆ ವರ್ಷಗಳ ರೂಢಿ. ಬೆರಳು ಒತ್ತಿಬಿಟ್ಟಿತ್ತು. ದೀಪ ಹತ್ತಿತು, ಜನರೆಲ್ಲ ನಕ್ಕರು, ಮಂತ್ರಿಯೂ ನಗುತ್ತ ಕೈಬೀಸಿ ಹೊರಟುಹೋದರು.

ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ಸ್ವಿಚ್ಚಿನ ಮೇಲಿದ್ದ ತಮ್ಮನ ಬೆರಳನ್ನೇ ನೋಡುತ್ತ ನಿಂತಿದ್ದಳು.