ತಂತಿ ಚುಚ್ಚಿದ ಹತ್ತು ನಿಮಿಷ

"ಕಂಪ್ಯೂಟರಿಗೆ ಫೋನ್ ಚುಚ್ಚಿದ್ದು ನೀನೇ ತಾನೆ?" ಯಜಮಾನಿ ಮೂರನೇ ಸಲ ಕೇಳಿದರು.

"ಇಲ್ಲಮ್ಮಾ, ನನ್ನ ಮಕ್ಕಳಾಣೆ. ಅದರ ಹತ್ತಿರಾನೂ ನಾನು ಹೋಗಲ್ಲ," ಎಂದಳು ಕಸ ಗುಡಿಸುವಾಕೆ.

"ನಿನ್ನೆ ನಿನ್ನ ಫೋನು ಆ ಮೇಜಿನ ಮೇಲೇ ಇತ್ತಲ್ಲ?"

"ಇಟ್ಟಿದ್ದು ನಿಜ. ಚುಚ್ಚಿಲ್ಲ."

ಅಳತೆಯಣ್ಣ ಬಾಗಿಲ ಬಳಿ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಆಕೆ ಫೋನ್ ಚುಚ್ಚಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದು ಕಾಲಿನ ತೊಂದರೆ ಇದ್ದವರಿಗೆ ಬೂಟು ಹೊಲಿಯುವ ಸಣ್ಣ ಕಾರ್ಖಾನೆ. ಪಾದದ ಅಳತೆ ತೆಗೆಯುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಅವನು ಕೊಟ್ಟ ಅಳತೆ ಮೂಲೆಯ ಹಳೇ ಕಂಪ್ಯೂಟರಿಗೆ ಹೋಗುತ್ತಿತ್ತು. ಅದು ಹೇಳಿದಂತೆ ಪಕ್ಕದ ಯಂತ್ರ ಪಾದದ ಆಕಾರದ ಮರದ ಅಚ್ಚು ಕೆತ್ತುತ್ತಿತ್ತು. ಹದಿನಾರು ವರ್ಷಗಳ ಪಾದಗಳು ಆ ಕಂಪ್ಯೂಟರಿನೊಳಗಿದ್ದವು. ಇವತ್ತು ಬೆಳಿಗ್ಗೆ ಅದು ಕಣ್ಣೇ ಬಿಡಲಿಲ್ಲ.

ಎರಡು ವರ್ಷದ ಹಿಂದೆಯೇ ಅದನ್ನು ತಯಾರಿಸಿದವರು ಕೈ ತೊಳೆದುಕೊಂಡಿದ್ದರು. ಇನ್ನು ಅಪ್‌ಡೇಟ್ ಇಲ್ಲ, ಯಾವ ವೈರಸ್ ಬಂದರೂ ನೀವುಂಟು ನಿಮ್ಮ ಹಣೆಬರಹವುಂಟು ಎಂದುಬಿಟ್ಟಿದ್ದರು. ಹೊಸ ಕಂಪ್ಯೂಟರ್ ತಂದರೆ ಕೆತ್ತುವ ಯಂತ್ರ ಅದರ ಮಾತು ಕೇಳುವುದಿಲ್ಲ. ಯಜಮಾನಿ ಗೋಡೆಗೊಂದು ಹಾಳೆ ಅಂಟಿಸಿದರು: ಇಂಟರ್ನೆಟ್ ಹಾಕಬಾರದು, ಫೋನ್ ಚುಚ್ಚಬಾರದು, ಹೊರಗಿನ ಪೆನ್‌ಡ್ರೈವ್ ತರಬಾರದು. ತಪ್ಪಿದವರು ನಾಳೆಯಿಂದ ಬರಬೇಕಿಲ್ಲ.

ತಿಂಗಳ ಹಿಂದೆ ಅಳತೆಯಣ್ಣ ತಪ್ಪಿದ್ದ.

ಮಗಳಿಗೆ ಹೆರಿಗೆಯಾಗಿತ್ತು. ಅಳಿಯ ಮೇಲ್‌ನಲ್ಲಿ ಮಗುವಿನ ಫೋಟೊ ಕಳಿಸಿದ್ದ. ಅಳತೆಯಣ್ಣನ ಫೋನು ಆ ವಾರವೇ ನೀರಿಗೆ ಬಿದ್ದು ಸತ್ತಿತ್ತು. ಸಾವಿರಾರು ಜನರ ಪಾದ ಹಿಡಿದವನಿಗೆ ಮೊಮ್ಮಗಳ ಪಾದ ಹೇಗಿದೆಯೋ ನೋಡುವ ಆಸೆ. ಎಲ್ಲರೂ ಊಟಕ್ಕೆ ಹೋದಾಗ, ಗೋಡೆಯಿಂದ ಇಳಿಬಿದ್ದಿದ್ದ ಇಂಟರ್ನೆಟ್ ತಂತಿಯನ್ನು ಹಳೇ ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತಿತು, ಸುತ್ತುತ್ತಲೇ ಇತ್ತು. ಹತ್ತು ನಿಮಿಷ ಕಾದ. ಫೋಟೊ ಬರಲಿಲ್ಲ. ಹೆಜ್ಜೆ ಸದ್ದಾಯಿತೆಂದು ತಂತಿ ಎಳೆದು ಎದ್ದುಬಿಟ್ಟ.

ಅಲ್ಲಿಂದ ನೆಮ್ಮದಿ ಹೋಯಿತು. ಆ ಹತ್ತು ನಿಮಿಷದಲ್ಲಿ ಏನೇನು ಒಳಗೆ ನುಗ್ಗಿರಬಹುದೋ! ತಪ್ಪು ತಿದ್ದಿಕೊಳ್ಳುವಂತೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದ. ಬೇರೆಯವರಿಗೆ ದೂಳು ಒರೆಸಲೂ ಬಿಡಲಿಲ್ಲ. ಸಂಜೆ ಆರಕ್ಕೆ ಗೋಡೆಯಿಂದ ಪ್ಲಗ್ ಕಿತ್ತಿಟ್ಟೇ ಮನೆಗೆ ಹೊರಡುತ್ತಿದ್ದ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಕುತ್ತಿದ್ದ. ಕರೆಂಟೇ ಇಲ್ಲದಿದ್ದರೆ ವೈರಸ್ ಎಲ್ಲಿ ಬಾಲ ಬಿಚ್ಚೀತು? ಫೋನ್ ಹಿಡಿದು ಹತ್ತಿರ ಬಂದವರಿಗೆಲ್ಲ ಗದರುತ್ತಿದ್ದ. "ಅಳತೆಯಣ್ಣನಿಗೆ ಅದು ಎರಡನೇ ಹೆಂಡತಿ," ಎಂದು ಹೊಲಿಗೆಯವರು ಕಾಲೆಳೆದರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟಾದರೂ ಕಂಪ್ಯೂಟರ್ ಕೈಕೊಟ್ಟಿತ್ತು. ಈಗ ಅವನ ತಪ್ಪಿಗೆ ಇನ್ನೊಬ್ಬಳ ಕೆಲಸ ಹೋಗುತ್ತಿತ್ತು.

"ನಾಳೆಯಿಂದ ಬರಬೇಡ," ಎಂದರು ಯಜಮಾನಿ.

ಆಕೆ ಅಳಲಿಲ್ಲ, ವಾದಿಸಲೂ ಇಲ್ಲ. ಪೊರಕೆಯನ್ನು ಅದರ ಜಾಗದಲ್ಲೇ ಇಟ್ಟಳು. ಹೊರಗೆ ಹೋಗುವಾಗ ಅವನ ಮುಂದೆ ನಿಂತಳು. "ಅಣ್ಣಾ, ನೀವಾದ್ರೂ ಒಂದು ಮಾತು ಹೇಳಿ. ಅದನ್ನ ನಿಮ್ಮಷ್ಟು ಜೋಪಾನ ಮಾಡಿದವರು ಇಲ್ಲಿ ಯಾರಿದ್ದಾರೆ? ನೀವು ಹೇಳಿದ್ರೆ ನಂಬ್ತಾರೆ."

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಆಕೆ ಹೋದಳು. ಇಬ್ಬರು ಮಕ್ಕಳ ತಾಯಿ. ಗಂಡ ಹಾಸಿಗೆ ಹಿಡಿದು ವರ್ಷವಾಗಿತ್ತು. ತನ್ನಂಥ ಹೇಡಿ ಇನ್ನೊಬ್ಬನಿಲ್ಲ ಅನ್ನಿಸಿತು.

ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡ. ಒಬ್ಬ ಮುದುಕನ ಬಲಗಾಲಿನ ಅಳತೆ ತೆಗೆದು ಎಡಗಾಲಿನದೆಂದು ಬರೆದ. ಇನ್ನು ಆಗುವುದಿಲ್ಲ ಎಂದು ಅಳತೆಪಟ್ಟಿ ಕೆಳಗಿಟ್ಟು ಯಜಮಾನಿಯ ಕೋಣೆಗೆ ನುಗ್ಗಿದ. ಅಲ್ಲಿ ರಿಪೇರಿಯವನು ಹಳೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತಿದ್ದ.

"ಮೇಡಂ, ಆಕೆದೇನೂ ತಪ್ಪಿಲ್ಲ. ಮಾಡಿದ್ದು ನಾನು." ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ. ಮೊಮ್ಮಗಳು, ತಂತಿ, ಹತ್ತು ನಿಮಿಷ. "ನನ್ನನ್ನ ತೆಗೀರಿ, ಆಕೇನ ಕರೀರಿ."

ಯಜಮಾನಿ ರಿಪೇರಿಯವನ ಮುಖ ನೋಡಿದರು. ಅವನು ನಕ್ಕುಬಿಟ್ಟ.

"ಆ ಮೂಲೆ ತಂತಿನಾ? ಅದರ ಇನ್ನೊಂದು ತುದೀನ ಎರಡು ವರ್ಷದ ಹಿಂದೆ ನಾನೇ ಕತ್ತರಿಸಿದ್ದೆ, ಅಣ್ಣಾ. ಅದರಲ್ಲಿ ಇಂಟರ್ನೆಟ್ ಎಲ್ಲಿಂದ ಬರಬೇಕು? ಹುಡುಕಿದೆ, ಒಂದು ವೈರಸ್ಸೂ ಇಲ್ಲ. ಯಾರ ಫೋನೂ ಇದಕ್ಕೆ ಚುಚ್ಚಿಲ್ಲ."

ಅಳತೆಯಣ್ಣ ಕುರ್ಚಿಗೆ ಕುಸಿದ. ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ಕಣ್ಣು ತುಂಬಿತು. ಯಜಮಾನಿ ಆಗಲೇ ಕಸ ಗುಡಿಸುವಾಕೆಗೆ ಫೋನ್ ಮಾಡಿ, "ತಪ್ಪಾಯ್ತಮ್ಮಾ, ನಾಳೆ ಬಾ," ಎನ್ನುತ್ತಿದ್ದರು.

ಫೋನಿಟ್ಟು ಅವರು ಕೇಳಿದರು: "ಹಾಗಾದ್ರೆ ಇದು ಹಾಳಾಗಿದ್ದು ಹೇಗಪ್ಪಾ? ಅಳತೆಗಳು ಸಿಗ್ತವಾ?"

"ಒಂದೂ ಉಳಿದಿಲ್ಲಮ್ಮಾ, ನಕಲೂ ಹೋಗಿದೆ," ಎಂದ ರಿಪೇರಿಯವನು. "ದಿನದ ಅಳತೆಯನ್ನೆಲ್ಲ ಸಂಜೆ ಆರರಿಂದ ಏಳರವರೆಗೆ ತಾನೇ ನಕಲು ಮಾಡ್ಕೊಳ್ಳೋ ಹಾಗೆ ಇಟ್ಟಿದ್ದೆ. ನಕಲು ನಡೀವಾಗ ಕರೆಂಟು ಹೋದ್ರೆ ಒಳಗಿರೋದೆಲ್ಲ ಕೆಡುತ್ತೆ. ಯಾರೋ ಪುಣ್ಯಾತ್ಮರು ಒಂದು ತಿಂಗಳಿಂದ ದಿನಾ, ಸರಿಯಾಗಿ ಅದೇ ಹೊತ್ತಿಗೆ, ಗೋಡೆಯಿಂದ ಪ್ಲಗ್ ಕಿತ್ತಿದ್ದಾರೆ."